ಒಕ್ಕಲು ಬಂದವನ ಗಡಿಯಾರ

1729ರಲ್ಲಿ ಫ್ರಾನ್ಸಿನ ಖಗೋಳಜ್ಞ ಡಿ ಮೈರಾನ್ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿಟ್ಟು ನೋಡಿದ. ಬಿಸಿಲು ಕಾಣದಿದ್ದರೂ ಅದು ಹಗಲಾದಾಗ ಎಲೆ ಬಿಡಿಸಿ, ಇರುಳಾದಾಗ ಮಡಚುತ್ತಿತ್ತು. ನೋಡದೆಯೇ ಗಿಡಕ್ಕೆ ಸೂರ್ಯ ಎಲ್ಲಿದ್ದಾನೆಂದು ತಿಳಿಯುತ್ತದೆ ಎಂದುಕೊಂಡ. ತನ್ನ ಕಣ್ಣೆದುರಿಗಿದ್ದದ್ದು ಗಿಡದೊಳಗಿನ ಗಡಿಯಾರ ಎಂಬುದು ಅವನಿಗೆ ಹೊಳೆಯಲಿಲ್ಲ.

ಆ ಗಡಿಯಾರದ ಬಡಿತ ಜೀನ್‌ಗಳಲ್ಲಿ ಕೇಳಿಸಲು ಎರಡೂವರೆ ಶತಮಾನ ಬೇಕಾಯಿತು. 1985ರಲ್ಲಿ ಕ್ಲಾಸ್ ಕ್ಲೋಪ್‌ಸ್ಟೆಕ್, ಬಟಾಣಿ ಗಿಡದಲ್ಲಿ ಬೆಳಕು ಹಿಡಿಯುವ ಪ್ರೋಟೀನಿನ ಆರ್‌ಎನ್‌ಎ ದಿನದ ಲಯಕ್ಕೆ ಏರಿಳಿಯುವುದನ್ನು ತೋರಿಸಿದರು. ಮುಂದೆ ಆಂಡ್ರ್ಯೂ ಮಿಲ್ಲರ್ ಮತ್ತು ಸ್ಟೀವ್ ಕೇ ಅವರ ತಂಡ ಇಂಥದೇ ಜೀನಿನ ಸ್ವಿಚ್ಚಿಗೆ ಮಿಂಚುಹುಳುವಿನ ಕಿಣ್ವವನ್ನು ಜೋಡಿಸಿತು. ಸಾಸಿವೆಯ ಕುಟುಂಬದ ಅರಾಬಿಡಾಪ್ಸಿಸ್ ಸಸಿಗಳು ಹೊತ್ತು ಹೊತ್ತಿಗೆ ಮಿನುಗತೊಡಗಿದವು. ಹೊತ್ತು ತಪ್ಪಿ ಮಿನುಗಿದ ಸಸಿಗಳನ್ನು ಆರಿಸಿದಾಗ 1995ರಲ್ಲಿ ಸಿಕ್ಕಿದ್ದು ಗಡಿಯಾರದ ಜೀನುಗಳಲ್ಲೊಂದಾದ ಟಿಒಸಿ-1. ಮೂರು ವರ್ಷದಲ್ಲಿ ಸಿಸಿಎ-1 ಮತ್ತು ಎಲ್‌ಎಚ್‌ವೈ ಬಂದು ಸೇರಿದವು.

ಇವೆಲ್ಲ ಇರುವುದು ಕೋಶಕೇಂದ್ರದಲ್ಲಿ. ಆದರೆ ಬೆಳಕನ್ನು ಅನ್ನವಾಗಿಸುವ ಕೆಲಸ ನಡೆಯುವುದು ಕ್ಲೋರೋಪ್ಲಾಸ್ಟಿನಲ್ಲಿ, ಅದಕ್ಕೆ ತನ್ನದೇ ಡಿಎನ್‌ಎ ಇದೆ. ನೂರು ಕೋಟಿ ವರ್ಷಕ್ಕೂ ಹಿಂದೆ ಜೀವಕೋಶಕ್ಕೆ ಒಕ್ಕಲು ಬಂದ ಸಯನೋಬ್ಯಾಕ್ಟೀರಿಯಾದ ಸಂತತಿ ಅದು. ಕಾಲಾಂತರದಲ್ಲಿ ಅದರ ಆಸ್ತಿಪತ್ರದಲ್ಲಿ ಬಹಳಷ್ಟು ಮನೆಯೊಡೆಯನ ಪೆಟ್ಟಿಗೆ, ಅಂದರೆ ಕೋಶಕೇಂದ್ರಕ್ಕೆ, ಸೇರಿ, ಕೈಯಲ್ಲಿ ಉಳಿದದ್ದು ನೂರು ಚಿಲ್ಲರೆ ಜೀನ್‌ಗಳು. ಈಗಿನ ಸಯನೋಬ್ಯಾಕ್ಟೀರಿಯಾಗಳ ಗಡಿಯಾರವೋ ಅಪ್ಪಟ ಸ್ವಂತದ್ದು: 2005ರಲ್ಲಿ ತಕಾವೊ ಕೊಂಡೊ ತಂಡ ಅದರ ಮೂರು ಕಾಯ್ ಪ್ರೋಟೀನ್‌ಗಳನ್ನು ಕೋಶದ ಇಂಧನವಾದ ಎಟಿಪಿಯೊಡನೆ ಪ್ರನಾಳದಲ್ಲಿ ಬೆರೆಸಿದ್ದೇ ಸಾಕಾಯಿತು, ಅಲ್ಲೂ 24 ಗಂಟೆಯ ಲಯ ನಡೆಯಿತು. ಕ್ಲೋರೋಪ್ಲಾಸ್ಟಿನಲ್ಲಿ ಆ ಗಡಿಯಾರ ಇಲ್ಲ.

ಆದರೂ ಅಲ್ಲಿನ ಜೀನ್‌ಗಳಿಗೆ ಹೊತ್ತು ಗೊತ್ತು. 1996ರಲ್ಲಿ ಕ್ಲಾಮಿಡೊಮೊನಸ್ ಪಾಚಿಯಲ್ಲಿ, 1998ರಲ್ಲಿ ಗೋಧಿಯಲ್ಲಿ ಇದು ಕಂಡಿತು. ಗೋಧಿಯಲ್ಲಿ ಕುಣಿದದ್ದು ಪಿಎಸ್‌ಬಿ-ಡಿ ಜೀನು. ಬೆಳಕು ಹಿಡಿಯುವ ಯಂತ್ರಗಳಲ್ಲೊಂದಾದ ದ್ಯುತಿವ್ಯವಸ್ಥೆ-2ರ ನಟ್ಟನಡುವಿನ ಪ್ರೋಟೀನೊಂದನ್ನು ತಯಾರಿಸುವಂಥದ್ದು. ನನ್ನ ಮಟ್ಟಿಗೆ ಈ ಕ್ಷೇತ್ರದ ಅಸಲಿ ಪ್ರಶ್ನೆ ಹುಟ್ಟಿದ್ದು ಇಲ್ಲಿ: ಹೊತ್ತು ಹೇಳಿ ಕಳಿಸುವವರು ಯಾರು?

ಉತ್ತರ 2013ರಲ್ಲಿ ಬಂತು. ಝೀನತ್ ನೂರ್ಡಾಲಿ, ಆಂಟನಿ ಡಾಡ್ ಮತ್ತು ಸಂಗಡಿಗರು ಅರಾಬಿಡಾಪ್ಸಿಸ್‌ನಲ್ಲಿ ಸಿಗ್-5 ಎಂಬ ಸಿಗ್ಮಾ ಪ್ರೋಟೀನನ್ನು ಗುರುತಿಸಿದರು. ಅದರ ಜೀನು ಕೋಶಕೇಂದ್ರದಲ್ಲಿದೆ, ಗಡಿಯಾರದ ಹಿಡಿತದಲ್ಲಿದೆ. ಪ್ರೋಟೀನು ಕ್ಲೋರೋಪ್ಲಾಸ್ಟಿಗೆ ಹೋಗಿ ಅಲ್ಲಿನ ಆರ್‌ಎನ್‌ಎ ಪಾಲಿಮರೇಸ್ ಎಲ್ಲಿ ಕೂತು ನಕಲು ಶುರುಮಾಡಬೇಕೆಂದು ತೋರಿಸುತ್ತದೆ. ಸೊಗಸು ಎಲ್ಲಿದೆಯೆಂದರೆ, ಸಿಗ್ಮಾ ಮೂಲತಃ ಬ್ಯಾಕ್ಟೀರಿಯಾದ್ದೇ ಸಲಕರಣೆ. ಮನೆಯೊಡೆಯ ಒಕ್ಕಲಿನವನಿಗೆ ಅವನ ಮನೆಮಾತಿನಲ್ಲೇ ಹೊತ್ತು ತಿಳಿಸುತ್ತಿದ್ದಾನೆ!

ಬೆಳಕೂ ಇದೇ ದಾರಿ ಹಿಡಿಯುತ್ತದೆ. ನೀಲಿ ಬೆಳಕನ್ನು ಕ್ರಿಪ್ಟೊಕ್ರೋಮ್‌ಗಳು, ಕೆಂಪನ್ನು ಫೈಟೊಕ್ರೋಮ್‌ಗಳು ಗ್ರಹಿಸಿ ಸಿಗ್-5ರ ಪ್ರಮಾಣವನ್ನು ಬದಲಿಸುತ್ತವೆ. ಚಳಿಯ ಸುದ್ದಿಯೂ ಅದರ ಕೈಲೇ ಹೋಗುತ್ತದೆಂದು 2023ರಲ್ಲಿ ತಿಳಿಯಿತು. ಹಾಗೆಂದು ಎಲ್ಲ ಲಯವನ್ನೂ ಸಿಗ್-5ರ ಲೆಕ್ಕಕ್ಕೆ ಬರೆಯುವುದು ದುಡುಕಾದೀತು. ಅರಾಬಿಡಾಪ್ಸಿಸ್‌ನಲ್ಲಿರುವ ಸಿಗ್ಮಾಗಳು ಆರು.