ಮುಗಿಯುತ್ತಾ ಬಂದಿದ್ದ ಬ್ಯಾಟ್‌ಗರ್ಲ್ ಮಾಯವಾಗಿದ್ದು ಹೇಗೆ?

ಇವತ್ತು ನಾನು ಹೇಳ್ತಿರೋದು ನೀವೂ ನೋಡದ, ನಾನೂ ನೋಡದ ಒಂದು ಸಿನಿಮಾದ ಕಥೆ. ಹೆಸರು ಬ್ಯಾಟ್‌ಗರ್ಲ್. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಶೂಟಿಂಗ್ ಆಗಿತ್ತು. ಲೆಸ್ಲಿ ಗ್ರೇಸ್ ನಾಯಕಿ. ಹಳೇ ಬ್ಯಾಟ್‌ಮ್ಯಾನ್ ಮೈಕೆಲ್ ಕೀಟನ್ ಕೂಡ ಇದ್ರು. ವರದಿಗಳ ಪ್ರಕಾರ ಖರ್ಚು ಸುಮಾರು 9 ಕೋಟಿ ಡಾಲರ್. 2022ರ ಆಗಸ್ಟ್‌ನಲ್ಲಿ, ಎಡಿಟಿಂಗ್ ಇನ್ನೂ ನಡೀತಿರುವಾಗಲೇ, ವಾರ್ನರ್ ಕಂಪನಿ ಈ ಸಿನಿಮಾ ಬಿಡುಗಡೆಯೇ ಆಗಲ್ಲ ಅಂದುಬಿಟ್ಟಿತು. ಥಿಯೇಟರಿನಲ್ಲೂ ಇಲ್ಲ, ಒಟಿಟಿಯಲ್ಲೂ ಇಲ್ಲ.

ಸುದ್ದಿ ಬಂದಾಗ ನಿರ್ದೇಶಕರಾದ ಆದಿಲ್ ಎಲ್ ಅರ್ಬಿ ಮತ್ತು ಬಿಲಾಲ್ ಫಲ್ಲಾ ಊರಲ್ಲಿರಲಿಲ್ಲ. ಸರ್ವರ್‌ಗೆ ಲಾಗಿನ್ ಆಗಿ, ಫೋನಿನಲ್ಲಾದ್ರೂ ಸಿನಿಮಾವನ್ನ ರೆಕಾರ್ಡ್ ಮಾಡ್ಕೊಳ್ಳೋಣ ಅಂತ ನೋಡಿದ್ರಂತೆ. ಅಷ್ಟರಲ್ಲಿ ಅಲ್ಲಿ ಏನೂ ಸಿಗಲಿಲ್ಲ ಅಂತ ಆಮೇಲೆ ಅವರೇ ಹೇಳಿಕೊಂಡ್ರು. ತಾವೇ ಮಾಡಿದ ಸಿನಿಮಾದ ಒಂದು ಕಾಪಿಯೂ ಅವರ ಕೈಯಲ್ಲಿರಲಿಲ್ಲ.

ಹೀಗ್ಯಾಕಾಯ್ತು ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್ ಇರೋ ಡಿಸಿ ಕಾಮಿಕ್ಸ್ ಮತ್ತು ವಾರ್ನರ್ ಸ್ಟುಡಿಯೋ ಮೊದಲಿನಿಂದ ಒಂದೇ ಮನೆಯವರಲ್ಲ. 1960ರ ದಶಕದ ಕೊನೆಯಲ್ಲಿ ಕಿನ್ನಿ ಅನ್ನೋ ಕಂಪನಿ ಎರಡನ್ನೂ ಕೊಂಡುಕೊಂಡಿತು. ಆ ಕಂಪನಿ ಬೆಳೆದಿದ್ದು ಯಾವುದರಿಂದ ಗೊತ್ತಾ? ಕಾರ್ ಪಾರ್ಕಿಂಗ್ ಮತ್ತು ಶವಸಂಸ್ಕಾರದ ವ್ಯವಹಾರದಿಂದ! ಅಂದ್ರೆ ಸೂಪರ್‌ಹೀರೋಗಳ ಮೇಲೆ ಸಿನಿಮಾದವರಲ್ಲದ ಯಜಮಾನರು ಬಂದು ಕೂರೋದು ಹೊಸದೇನಲ್ಲ.

ಈಗ 2018ಕ್ಕೆ ಬನ್ನಿ. ಅಮೆರಿಕದ ಫೋನ್ ಕಂಪನಿ ಎಟಿ ಅಂಡ್ ಟಿ ಸುಮಾರು 8,500 ಕೋಟಿ ಡಾಲರ್ ಕೊಟ್ಟು ಟೈಮ್ ವಾರ್ನರ್ ಕೊಂಡುಕೊಂಡಿತು. ಅದಕ್ಕೆ ಬೇಕಾಗಿದ್ದು ಒಟಿಟಿ ಚಂದಾದಾರರು. 2020ರಲ್ಲಿ ಎಚ್‌ಬಿಒ ಮ್ಯಾಕ್ಸ್ ಶುರುವಾಯ್ತು. ಜನರನ್ನ ಸೆಳೆಯೋಕೆ ದೊಡ್ಡ ಹೆಸರುಗಳು ಬೇಕಿತ್ತು.

ಈ ಹಸಿವಿನಿಂದ ಒಬ್ಬ ನಿರ್ದೇಶಕನಿಗೆ ಲಾಭವಾಯ್ತು. ಝ್ಯಾಕ್ ಸ್ನೈಡರ್ ಮಗಳನ್ನು ಕಳೆದುಕೊಂಡ ದುಃಖದಲ್ಲಿ 2017ರಲ್ಲಿ ಜಸ್ಟೀಸ್ ಲೀಗ್‌ನಿಂದ ಹೊರಬಂದಿದ್ರು. ಬೇರೆಯವರ ರೀಶೂಟ್ ಆಗಿ, ಎರಡು ಗಂಟೆಯ ಸಿನಿಮಾ ಥಿಯೇಟರಿಗೆ ಬಂತು. ಸ್ನೈಡರ್ ವರ್ಷನ್ ಬಿಡಿ ಅಂತ ಅಭಿಮಾನಿಗಳು ವರ್ಷಗಟ್ಟಲೆ ಕೂಗಿದ್ರು, ಸ್ಟುಡಿಯೋ ಕೇಳಲಿಲ್ಲ. ಒಟಿಟಿ ಶುರುವಾಗೋ ಹೊತ್ತಿಗೆ ಮಾತ್ರ ಕೇಳಿಸಿಬಿಡ್ತು! 2021ರ ಮಾರ್ಚ್‌ನಲ್ಲಿ ನಾಲ್ಕು ಗಂಟೆಯ ಸ್ನೈಡರ್ ವರ್ಷನ್ ಬಂತು. ಅದೇ ವರ್ಷ, ಅದೇ ಒಟಿಟಿಗಾಗಿ ಬ್ಯಾಟ್‌ಗರ್ಲ್ ಕೆಲಸವೂ ಶುರುವಾಯ್ತು.

ಆದ್ರೆ 2022ರ ಏಪ್ರಿಲ್‌ನಲ್ಲಿ ಯಜಮಾನ ಮತ್ತೆ ಬದಲಾದ. ವಾರ್ನರ್ ಜೊತೆ ಡಿಸ್ಕವರಿ ಸೇರಿ ಹೊಸ ಕಂಪನಿ ಆಯ್ತು, ಡೇವಿಡ್ ಝಾಸ್ಲಾವ್ ಮುಖ್ಯಸ್ಥರಾದ್ರು. ತಲೆ ಮೇಲೆ ಬೆಟ್ಟದಷ್ಟು ಸಾಲ. ಒಟಿಟಿಗಾಗಿಯೇ ದುಬಾರಿ ಸಿನಿಮಾ ಮಾಡೋದು ಲಾಭವಲ್ಲ ಅನ್ನೋದು ಹೊಸ ಲೆಕ್ಕ. ಸಿನಿಮಾವನ್ನ ನಷ್ಟ ಅಂತ ಬರೆದುಕೊಂಡ್ರೆ ತೆರಿಗೆಯೂ ಉಳಿಯುತ್ತೆ ಅನ್ನೋದೂ ಇದರ ಹಿಂದಿತ್ತು ಅಂತ ಆಗ ವರದಿಯಾಯ್ತು. ಆಮೇಲೆ ಡಿಸಿ ಸ್ಟುಡಿಯೋಸ್ ವಹಿಸಿಕೊಂಡ ಪೀಟರ್ ಸ್ಯಾಫ್ರನ್, ಆ ಸಿನಿಮಾ ಬಿಡುಗಡೆ ಮಾಡೋ ಮಟ್ಟದಲ್ಲಿರಲಿಲ್ಲ ಅಂದ್ರು. ಇರಬಹುದು. ಆದ್ರೆ ಹೌದೋ ಅಲ್ಲವೋ ಅಂತ ತೀರ್ಮಾನ ಮಾಡೋ ಅವಕಾಶ ಪ್ರೇಕ್ಷಕರಿಗೆ ಸಿಗಲೇ ಇಲ್ಲ.

ಹಾಗಾದ್ರೆ ವಿಲೀನ ಅಂದ್ರೆ ಕೆಟ್ಟದ್ದೇ? ಅಷ್ಟು ಸಲೀಸಾಗಿ ಹೇಳೋಕಾಗಲ್ಲ. 2009ರಲ್ಲಿ ಡಿಸ್ನಿ 400 ಕೋಟಿ ಡಾಲರ್‌ಗೆ ಮಾರ್ವೆಲ್ ಕೊಳ್ಳುತ್ತಿರೋ ಸುದ್ದಿ ಬಂದಾಗ ಎಲ್ಲಾ ಮಕ್ಕಳ ಸಿನಿಮಾ ಆಗಿಬಿಡುತ್ತೆ ಅನ್ನೋ ಭಯವಿತ್ತು. ಆಗಿದ್ದು ಬೇರೆ. ಬ್ಲ್ಯಾಕ್ ಪ್ಯಾಂಥರ್ ಸಿನಿಮಾಗೆ ಮಾರ್ವೆಲ್ ಒಳಗಿನಿಂದಲೇ ಅಡ್ಡಿ ಬಂದಿತ್ತು, ಆ ಅಡ್ಡಿ ನಿಲ್ಲಿಸಿ ಅಂತ ತಾವೇ ಫೋನ್ ಮಾಡಿ ಹೇಳಿದ್ದಾಗಿ ಆಗ ಡಿಸ್ನಿ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಅಲ್ಲಿ ಮೇಲಿನ ಯಜಮಾನನೇ ದಾರಿ ಬಿಡಿಸಿದ.

ನನಗೆ ಅನ್ನಿಸೋದು ಇಷ್ಟು. ಸ್ನೈಡರ್‌ಗೆ ನಾಲ್ಕು ಗಂಟೆ ಕೊಟ್ಟಿದ್ದು ಕಲೆಯ ಮೇಲಿನ ಪ್ರೀತಿ ಒಂದೇ ಅಲ್ಲ, ಬ್ಯಾಟ್‌ಗರ್ಲ್ ಕಿತ್ತುಕೊಂಡಿದ್ದು ದ್ವೇಷವೂ ಅಲ್ಲ. ಎರಡೂ ಅವತ್ತಿನ ಯಜಮಾನನ ಲೆಕ್ಕ. ಐಗರ್ ಅವರ ಫೋನ್ ಕರೆಯೂ ಅಷ್ಟೇ, ಯಜಮಾನ ಕೊಟ್ಟ ಸ್ವಾತಂತ್ರ್ಯ. ಯಜಮಾನ ಕೊಟ್ಟಿದ್ದನ್ನ ಮುಂದಿನ ಯಜಮಾನ ವಾಪಸ್ ತಗೋಬಹುದು. ಆ ಇಬ್ಬರು ನಿರ್ದೇಶಕರಿಗೆ ಇದು ಗೊತ್ತಾಗಿದ್ದು ಖಾಲಿ ಸರ್ವರ್ ನೋಡಿದಾಗ.

ಮುಂದಿನ ಸಲ ಎರಡು ಸ್ಟುಡಿಯೋ ಒಂದಾಗ್ತಿವೆ ಅನ್ನೋ ನೋಟಿಫಿಕೇಶನ್ ನಿಮ್ಮ ಫೋನಿಗೆ ಬಂದ್ರೆ, ಷೇರು ಬೆಲೆ ನೋಡಿ ಸುಮ್ಮನಾಗಬೇಡಿ. ಎಡಿಟಿಂಗ್ ಟೇಬಲ್ ಮೇಲಿರೋ ಸಿನಿಮಾಗಳಿಗೆ ಇನ್ನು ಯಾರ ಸಹಿ ಬೇಕು ಅಂತಲೂ ಕೇಳಿ.