ಪಠ್ಯಭಾಗದ ಬದಲಿಕೆ, ಕಮಾಂಡ್ ಲೈನಿನಲ್ಲಿ

ಪಠ್ಯ ಕಡತವೊಂದರಲ್ಲಿ ಎರಡು ಗುರುತುಸಾಲುಗಳ ನಡುವೆ ಇರುವುದನ್ನು ತೆಗೆದುಹಾಕಿ, ಅಲ್ಲಿಗೆ ಇನ್ನೊಂದು ಕಡತದ ಸಾಲುಗಳನ್ನು ತಂದು ಕೂರಿಸುವ ವಿಧಾನ. ಎಡಿಟರ್ ತೆರೆಯದೆ, ಸ್ಕ್ರಿಪ್ಟ್ ಮೂಲಕ ನಡೆಯುವ ಈ ಕೆಲಸ ಸರ್ವರ್ ನೋಡಿಕೊಳ್ಳುವವರಿಗೆ ನಿತ್ಯದ್ದು. ಗುರುತುಸಾಲು ಇಡುವ ರೂಢಿ ಬೇರೆಡೆಯೂ ಉಂಟು: ವರ್ಡ್‌ಪ್ರೆಸ್ ತನ್ನ ‘ಎಚ್‌ಟಿಆಕ್ಸೆಸ್’ ಕಡತದಲ್ಲಿ ಬಿಗಿನ್, ಎಂಡ್ ಎಂಬ ಎರಡು ಕಾಮೆಂಟ್ ಸಾಲು ಬರೆದುಕೊಂಡು ಅವುಗಳ ನಡುವಿನದನ್ನಷ್ಟೇ ತಿದ್ದುತ್ತದೆ, ಆನ್ಸಿಬಲ್‌ನ ‘ಬ್ಲಾಕ್‌ಇನ್‌ಫೈಲ್’ ಮಾಡ್ಯೂಲಿನದೂ ಇದೇ ಪದ್ಧತಿ.

ಇದಕ್ಕೆ ಹೆಚ್ಚಾಗಿ ಬಳಸುವ ‘ಸೆಡ್’ ಪ್ರೋಗ್ರಾಮನ್ನು ಲೀ ಮೆಕ್‌ಮಹೋನ್ 1973–74ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬರೆದರು. ಅದರ ಆಜ್ಞೆಗಳ ಮೂಲ ಕೆನ್ ಥಾಂಪ್ಸನ್ ರಚಿಸಿದ ‘ಇಡಿ’ ಎಡಿಟರ್. ‘ಇಡಿ’ ಪೂರ್ತಿ ಕಡತವನ್ನು ಬಫರಿಗೆ ತೆಗೆದುಕೊಳ್ಳುತ್ತದೆ. ‘ಸೆಡ್’ ಒಂದೊಂದೇ ಸಾಲು ಓದಿ, ತಿದ್ದಿ, ಹೊರಗೆ ಕಳಿಸುತ್ತದೆ. ಮುಂದಿನ ತೊಡಕುಗಳಲ್ಲಿ ಹಲವಕ್ಕೆ ಈ ವ್ಯತ್ಯಾಸವೇ ಕಾರಣ.

ಹೊಸಬರು ಮೊದಲು ಕೈ ಹಾಕುವುದು ಪಠ್ಯ ಬದಲಿಸುವ ‘ಎಸ್’ ಆಜ್ಞೆಗೆ. ಹೊಸ ಪಠ್ಯವನ್ನು ಶೆಲ್ ವೇರಿಯಬಲ್‌ನಲ್ಲಿ ತುಂಬಿ ‘ಎಸ್’ಗೆ ಕೊಟ್ಟರೆ, ಅದರೊಳಗಿನ ಓರೆಗೆರೆ, ಆಂಪರ್‌ಸ್ಯಾಂಡ್, ಸಾಲುಮುರಿತಗಳನ್ನೆಲ್ಲ ‘ಸೆಡ್’ ತನಗೆ ಹೇಳಿದ ಆಜ್ಞೆಯೆಂದೇ ಓದುತ್ತದೆ. ಕಡತವನ್ನೇ ನೇರವಾಗಿ ಓದುವ ‘ಆರ್’ ಆಜ್ಞೆಗೆ ಈ ಕಾಟವಿಲ್ಲ. ಮೊದಲ ಗುರುತು ಸಿಕ್ಕಾಗ ‘ಆರ್’, ಆಮೇಲೆ ಕೊನೆಯ ಗುರುತಿನವರೆಗಿನ ಪ್ರತಿ ಸಾಲಿಗೂ ಅಳಿಸುವ ‘ಡಿ’ ಎಂದರೆ ಮುಗಿಯಿತು. ಅನುಕ್ರಮ ಮಾತ್ರ ತಪ್ಪಬಾರದು. ‘ಆರ್’ ಕಡತವನ್ನು ಆ ಕ್ಷಣಕ್ಕೆ ಮುದ್ರಿಸುವುದಿಲ್ಲ, ಸಾಲಿನ ಸರದಿ ಮುಗಿದಾಗ ಹೊರಬಿಡುತ್ತದೆ. ಹಾಗಾಗಿ ಸಾಲು ಅಳಿದರೂ ಹೊಸ ಪಠ್ಯ ಉಳಿಯುತ್ತದೆ. ‘ಡಿ’ ಮೊದಲು ಬಂದರೆ ಆ ಸಾಲಿನ ಸರದಿ ಅಲ್ಲಿಗೇ ಮುಗಿದು ‘ಆರ್’ ನಡೆಯುವುದೇ ಇಲ್ಲ. ಇನ್ನೊಂದು ಸಂಗತಿ: ‘ಆರ್’ ನಂತರ ಸ್ಕ್ರಿಪ್ಟಿನ ಆ ಸಾಲಿನ ಅಂಚಿನವರೆಗೆ ಬರೆದದ್ದೆಲ್ಲ ಕಡತದ ಹೆಸರೇ. ಆಜ್ಞೆಗಳನ್ನು ಒಟ್ಟುಗೂಡಿಸುವ ಹೂಬ್ರಾಕೆಟನ್ನು ಪಕ್ಕದಲ್ಲೇ ಮುಚ್ಚಿದರೆ ಅದೂ ಹೆಸರಿಗೆ ಸೇರಿಹೋಗುತ್ತದೆ. ಆದ್ದರಿಂದ ಅದನ್ನು ಮುಂದಿನ ಸಾಲಿಗೋ ಇನ್ನೊಂದು ‘ಇ’ ಆಯ್ಕೆಗೋ ಹಾಕುತ್ತಾರೆ.

ನಿಜವಾದ ಅಪಾಯ ‘ಸೆಡ್’ನ ಮೌನ. ‘ಆರ್’ ಹೇಳಿದ ಕಡತ ಇಲ್ಲದಿದ್ದರೆ ಅದನ್ನು ಖಾಲಿ ಕಡತವೆಂದು ಭಾವಿಸಿ ಮುಂದೆ ಹೋಗುತ್ತದೆ. ಹಳೆಯದು ಅಳಿದಿರುತ್ತದೆ, ಹೊಸದು ಬಂದಿರುವುದಿಲ್ಲ, ದೋಷಸಂದೇಶವೂ ಇಲ್ಲ. ಕೊನೆಯ ಗುರುತನ್ನು ಯಾರಾದರೂ ಅಳಿಸಿದ್ದರಂತೂ ಕಡತದ ತುದಿಯವರೆಗೂ ಎಲ್ಲ ಸಾಲು ಮಾಯ. ಎರಡೂ ಗುರುತುಗಳಿವೆಯೇ ಎಂದು ಮೊದಲೇ ಪಠ್ಯ ಹುಡುಕುವ ‘ಗ್ರೆಪ್’ನಿಂದ ನೋಡುವ ರೂಢಿ ಬಂದದ್ದು ಇದಕ್ಕೇ.

‘ಸೆಡ್’ ಬೇಡವೆಂದರೆ, 1977ರಲ್ಲಿ ಹುಟ್ಟಿದ ‘ಆಕ್’ ಭಾಷೆಯಲ್ಲಿ, ಹೊಸ ಪಠ್ಯದ ಕಡತವನ್ನು ಸಾಲುಸಾಲಾಗಿ ಓದುವ ‘ಗೆಟ್‌ಲೈನ್’ ಬಳಸಿ ಲೂಪ್ ಬರೆಯಬಹುದು. ಕಡತ ತೆರೆಯದಿದ್ದರೆ ‘ಗೆಟ್‌ಲೈನ್’ ಋಣ ಒಂದನ್ನು ಹಿಂದಿರುಗಿಸುತ್ತದೆ. ಬಂದ ಬೆಲೆ ಸೊನ್ನೆಗಿಂತ ಹೆಚ್ಚೇ ಎಂದು ಪರೀಕ್ಷಿಸದಿದ್ದರೆ ಲೂಪ್ ನಿಲ್ಲುವುದೇ ಇಲ್ಲ. 1987ರ ಪರ್ಲ್ ಇಡೀ ಕಡತವನ್ನು ಒಂದೇ ಸ್ಟ್ರಿಂಗ್ ಆಗಿ ಓದಿ ಬದಲಿಸಬಲ್ಲದು.

ಅಚ್ಚರಿಯೆಂದರೆ, ಈ ಗುಂಪಿನ ಹಿರಿಯ ‘ಇಡಿ’ಯೇ ಇಲ್ಲಿ ಹೆಚ್ಚು ನಂಬಿಕಸ್ತ. ಗುರುತು ಸಿಗದಿದ್ದರೆ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ತೋರಿಸಿ ಅಳಿಸಲು ನಿರಾಕರಿಸುತ್ತದೆ.

ಫಲಿತಾಂಶವನ್ನು ಅದೇ ಕಡತಕ್ಕೆ ಮರುನಿರ್ದೇಶಿಸುವುದು ಎಲ್ಲ ಪ್ರೋಗ್ರಾಮುಗಳಿಗೂ ನಿಷಿದ್ಧ: ಅವು ಓದುವ ಮೊದಲೇ ಶೆಲ್ ಆ ಕಡತವನ್ನು ಬರಿದು ಮಾಡಿರುತ್ತದೆ. ಗ್ನೂ ‘ಸೆಡ್’ನ ‘ಐ’ ಆಯ್ಕೆ ತಾತ್ಕಾಲಿಕ ಕಡತಕ್ಕೆ ಬರೆದು ಹೆಸರು ಬದಲಿಸುತ್ತದೆ. ಮ್ಯಾಕ್‌ನಲ್ಲಿ ಅದೇ ಆಯ್ಕೆಗೆ ಬ್ಯಾಕಪ್ ಪ್ರತಿಯ ಹೆಸರಿನ ಬಾಲವನ್ನು, ಬೇಡವಾದರೆ ಖಾಲಿ ಉದ್ಧರಣ ಚಿಹ್ನೆಗಳನ್ನಾದರೂ, ಕೊಡಲೇಬೇಕು.