ಒಂದು ಸೂರು, ನಾಲ್ಕು ಒಲೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಒಂದು ಸುತ್ತು ಹಾಕಿದ್ರೆ ಅಲ್ಲೊಂದು ಇಲ್ಲೊಂದು ತೊಟ್ಟಿ ಮನೆ ಇನ್ನೂ ಸಿಗುತ್ತೆ. ಮಧ್ಯೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಮರದ ಕಂಬ, ನಾಡಹೆಂಚಿನ ಸೂರು, ಒಂದು ಪಕ್ಕ ದನ, ಇನ್ನೊಂದು ಪಕ್ಕ ಜನ. ಇಂಥ ಮನೆಯ ರೀಲ್ಸ್ ಕೆಳಗೆ ಕಾಮೆಂಟ್ ಒಂದೇ: ಆ ಕಾಲದಲ್ಲಿ ಎಷ್ಟು ಪ್ರೀತಿ ಇತ್ತು! ಇದ್ದಿರಬಹುದು. ಬಿ.ಕಾಂ. ಓದಿದ ನನಗೆ ಮೊದಲು ಕಾಣೋದು ಲೆಕ್ಕ.

ಮೂರು ತಲೆಮಾರಿಗೆ ಒಂದೇ ಒಲೆ ಸಾಕಾಗ್ತಿತ್ತು, ಯಾಕಂದ್ರೆ ಕಣಜ ಒಂದೇ. ರಾಗಿ ಹಗೇವಿಗೆ ಇಳೀತು ಅಂದ್ರೆ ಅದು ಎಲ್ಲರದ್ದು. ಅಣ್ಣ ಎಷ್ಟು ಉತ್ತ, ತಮ್ಮ ಎಷ್ಟು ಉತ್ತ ಅಂತ ಮುದ್ದೆ ಮೇಲೆ ಬರೆದಿರಲ್ಲ. ಬೇರೆಯಾದ್ರೆ ಇರೋ ಒಂದು ಜೊತೆ ಎತ್ತನ್ನ ಹಂಚ್ಕೊಳ್ಳೋದು ಹೇಗೆ? ದುಡ್ಡು ಯಜಮಾನನ ಕೈಯಲ್ಲಿ. ಸೊಸೆಗೆ ಸೀರೆ ಬೇಕಂದ್ರೂ ಅಲ್ಲೇ ಕೇಳ್ಬೇಕು, ಅದೂ ಅತ್ತೆ ಮೂಲಕ.

ಆಮೇಲೆ ನೀರು ಬಂತು. ಕೃಷ್ಣರಾಜಸಾಗರದ ಕೆಲಸ ಶುರುವಾಗಿದ್ದು 1911ರಲ್ಲಿ. ಈಗ ವಿಶ್ವೇಶ್ವರಯ್ಯ ನಾಲೆ ಅಂತೀವಲ್ಲ, ಆಗ ಅದು ಇರ್ವಿನ್ ನಾಲೆ. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ, ಅಂದ್ರೆ ನಮ್ಮ ಮೈಷುಗರ್, ಹುಟ್ಟಿತು. ನಾಲೆ ಬಯಲಿಗೆ ಕಬ್ಬು ಬಂತು. ಕಬ್ಬನ್ನ ಹಗೇವಿನಲ್ಲಿ ಇಡೋಕಾಗಲ್ಲ, ಅದು ಮನೆಗೆ ಬರೋದು ನೋಟಾಗಿ. ನೋಟನ್ನ ಎಣಿಸಬಹುದು. ಎಣಿಸಿದ್ದನ್ನ ಭಾಗ ಮಾಡಬಹುದು.

ಇದನ್ನ ಹತ್ತಿರದಿಂದ ನೋಡಿದವರು ಸ್ಕಾರ್ಲೆಟ್ ಎಪ್‌ಸ್ಟೈನ್. 1954ರಲ್ಲಿ ಮಂಡ್ಯ ಸೀಮೆಗೆ ಬಂದು, ನಾಲೆ ನೀರು ಸಿಕ್ಕ ಒಂದು ಊರು, ಸಿಗದ ಇನ್ನೊಂದು ಊರು, ಎರಡನ್ನೂ ಅಧ್ಯಯನ ಮಾಡಿದ್ರು. ನಗದು ವ್ಯವಹಾರ ಬೆಳೆದಂತೆ ಕೂಡು ಕುಟುಂಬ ಒಡೀತು ಅನ್ನೋದು ಅವರ ವಾದ. 1970ರಲ್ಲಿ ವಾಪಸ್ ಬಂದಾಗ ಹೊಸದೊಂದು ಕಂಡ್ರು: ಅಣ್ಣ ತಮ್ಮಂದಿರು ಬೇರೆ ಬೇರೆ ಮನೆಯಲ್ಲಿದ್ರೂ ಆದಾಯ, ಖರ್ಚು ಒಟ್ಟಿಗೇ! ನನಗೆ ಇದೇ ಹೆಚ್ಚು ಇಷ್ಟವಾದ ಭಾಗ. ಇಂದಿನ ಬೆಂಗಳೂರಿನ ಸಂಬಳ, ಊರಿನ ಬೋರ್‌ವೆಲ್ ಕಥೆಯೂ ಅದೇ ತಾನೆ?

ನಾಗಮಂಗಲ ಹೆಚ್ಚಾಗಿ ಮಳೆ ನಂಬಿದ ರಾಗಿ ಸೀಮೆ. ಅಲ್ಲಿ ಒಲೆ ಬೇರೆ ಮಾಡಿದ್ದು ಕಬ್ಬಲ್ಲ, ಬಸ್ಸು. 2020ರ ಮೇ ತಿಂಗಳಲ್ಲಿ ಮುಂಬೈಯಿಂದ ಕೆ.ಆರ್. ಪೇಟೆ, ನಾಗಮಂಗಲಕ್ಕೆ ವಾಪಸ್ ಬಂದವರ ಸುದ್ದಿ ದಿನಾ ಬರ್ತಿತ್ತು, ನೆನಪಿದೆಯಲ್ಲ?

ಈ ಲೆಕ್ಕದಲ್ಲಿ ಒಬ್ಬರು ಕಾಣಿಸ್ತಾನೇ ಇಲ್ಲ. ಆ ಮನೆಯಲ್ಲೇ ಹುಟ್ಟಿದ ಹೆಣ್ಣುಮಗಳು. ಸಕ್ಕರೆ ಕಂಪನಿ ಬಂದ ಅದೇ 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ತಂತು. ಮನೆ ಭಾಗವಾಗುವಾಗ ಮದುವೆಯಾಗದ ಮಗಳಿಗೆ ಅಣ್ಣನ ಪಾಲಿನ ಕಾಲು ಭಾಗ. ಆ ಕಾಲಕ್ಕೆ ಅದೇ ದೊಡ್ಡದು. ಸಮಪಾಲು ಬಂದಿದ್ದು 1994ರ ಜುಲೈ 30ಕ್ಕೆ, ಕರ್ನಾಟಕದ ತಿದ್ದುಪಡಿಯಿಂದ. ಆದ್ರೆ ಅದಕ್ಕೂ ಮೊದಲೇ ಮದುವೆಯಾದವರಿಗೆ ಇಲ್ಲ. 2005ರ ಕೇಂದ್ರದ ತಿದ್ದುಪಡಿ ಆ ಅಡ್ಡಿ ತೆಗೀತು. ಅಪ್ಪ 2005ಕ್ಕೂ ಮೊದಲೇ ತೀರಿಕೊಂಡಿದ್ರೂ ಮಗಳಿಗೆ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ವಿಭಾಗಪತ್ರಗಳನ್ನ ಮಾತ್ರ ಮತ್ತೆ ತೆರೆಯೋ ಹಾಗಿಲ್ಲ.

ಆದ್ರೆ ಹಳ್ಳಿಯಲ್ಲಿ ಎಷ್ಟೋ ಮನೆ ಬಾಯಿಮಾತಿನಲ್ಲೇ ಭಾಗವಾಗಿವೆ. ತೊಟ್ಟಿ ಮಧ್ಯೆ ಇಟ್ಟಿಗೆ ಗೋಡೆ ಎದ್ದಿರುತ್ತೆ, ಒಲೆ ನಾಲ್ಕಾಗಿರುತ್ತೆ, ಪಂಚಾಯ್ತಿ ಖಾತೆ ಮಾತ್ರ ಇನ್ನೂ ಮುತ್ತಜ್ಜನ ಹೆಸರಲ್ಲಿ. ಮನೆ ಮಾರೋಕೆ, ಸಾಲ ತಗೊಳ್ಳೋಕೆ ಹೊರಟ ದಿನ ಎಲ್ಲರಿಗೂ ಅಕ್ಕ ನೆನಪಾಗ್ತಾಳೆ. ತಮ್ಮ ಹಕ್ಕು ಬಿಡುಗಡೆ ಪತ್ರ ಹಿಡಿದು ಅವಳ ಗಂಡನ ಮನೆಗೆ ಹೋಗ್ತಾನೆ. ಅಕ್ಕ ಕಾಫಿ ಕೊಟ್ಟು, ಕನ್ನಡಕ ಹುಡುಕ್ತಾಳೆ. ಸಹಿ ಹಾಕಿದ್ರೆ ಪಾಲು ಹೋಗುತ್ತೆ, ಹಾಕದಿದ್ರೆ ತವರು.